ಥೈಲಸೀನ್ ಇದ್ದರೆ ಒಂದು ಹೆಣವಾದರೂ ಸಿಗಬೇಕಿತ್ತಲ್ವಾ?

ಮತ್ತೊಂದು ಮಸುಕು ವಿಡಿಯೋ ಓಡಾಡುತ್ತಿದೆ. 'ಟ್ಯಾಸ್ಮೇನಿಯಾದ ಹುಲಿ ಇನ್ನೂ ಬದುಕಿದೆ!' ನೋಡಿದೆ. ಬಾಲ ಸಣ್ಣಗಿರುವ, ಕಜ್ಜಿ ಹಿಡಿದ ನರಿ ಇರಬೇಕು ಅನ್ನಿಸಿತು.

ಗೊತ್ತಿಲ್ಲದವರಿಗೆ: ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದಲ್ಲಿದ್ದ ಈ ಥೈಲಸೀನ್‌ಗೇ ಟ್ಯಾಸ್ಮೇನಿಯಾದ ಹುಲಿ ಅನ್ನೋದು, ಆದರೆ ಅದು ಹುಲಿಯಲ್ಲ. ಕಾಂಗರೂ ಹಾಗೆ ಹೊಟ್ಟೆಚೀಲದಲ್ಲಿ ಮರಿ ಸಾಕುತ್ತಿದ್ದ ಮಾಂಸಾಹಾರಿ. ನೋಡೋಕೆ ನಾಯಿ, ಬೆನ್ನಿನ ಹಿಂಭಾಗಕ್ಕೆ ಪಟ್ಟೆ. ಕುರಿ ತಿನ್ನುತ್ತದೆ ಅಂತ ಟ್ಯಾಸ್ಮೇನಿಯಾ ಸರ್ಕಾರ 1888ರಿಂದ 1909ರವರೆಗೆ ಒಂದೊಂದು ತಲೆಗೆ ಒಂದು ಪೌಂಡ್ ಬಹುಮಾನ ಕೊಟ್ಟಿತು. ಎರಡು ಸಾವಿರಕ್ಕೂ ಜಾಸ್ತಿ ಬಹುಮಾನ ಹೋಯಿತು. ಕೊನೆಗೆ ರಕ್ಷಣೆಯ ಕಾನೂನು ಬಂದಿದ್ದು 1936ರ ಜುಲೈ 10ಕ್ಕೆ. ನಮಗೆ ಗೊತ್ತಿರುವ ಕೊನೆಯ ಥೈಲಸೀನ್ ಹೋಬಾರ್ಟ್ ಮೃಗಾಲಯದಲ್ಲಿ ಸತ್ತಿದ್ದು ಅದೇ ವರ್ಷ ಸೆಪ್ಟೆಂಬರ್ 7ಕ್ಕೆ. ಸರ್ಕಾರಿ ಕೆಲಸ, ಇನ್ನೇನು!

ಕಂಡೆ ಅನ್ನುವವರನ್ನೆಲ್ಲ ನಾನು ನಗಾಡುವುದಿಲ್ಲ. 1982ರ ಮಾರ್ಚ್‌ನಲ್ಲಿ ಹಾನ್ಸ್ ನಾರ್ಡಿಂಗ್ ಎಂಬ ವನ್ಯಜೀವಿ ಇಲಾಖೆಯವರು ದ್ವೀಪದ ವಾಯವ್ಯ ಭಾಗದಲ್ಲಿ ಗಾಡಿಯಲ್ಲಿ ಮಲಗಿದ್ದರು. ಜೋರು ಮಳೆ. ರಾತ್ರಿ ಎರಡು ಗಂಟೆಗೆ ಎದ್ದು ಲೈಟ್ ಬಿಟ್ಟರೆ ಎದುರಿಗೆ ಪ್ರಾಣಿ. ಸುಮ್ನೆ ಗಾಬರಿಯಾಗಲಿಲ್ಲ ಮನುಷ್ಯ, ಕೂತು ಹನ್ನೆರಡು ಪಟ್ಟೆ ಎಣಿಸಿದರು. ಕ್ಯಾಮೆರಾಕ್ಕೆ ಕೈ ಹಾಕುವಷ್ಟರಲ್ಲಿ ಅದು ಪೊದೆ ಸೇರಿತು. ಸರ್ಕಾರ ಸುದ್ದಿ ಗುಟ್ಟಾಗಿಟ್ಟು ಹುಡುಕಿಸಿತು. ಕೂದಲೂ ಸಿಗಲಿಲ್ಲ. ಅವರು ಸುಳ್ಳು ಹೇಳಿದರು ಅಂತ ನನಗೆ ಅನ್ನಿಸುವುದಿಲ್ಲ. ಹಿಡಿದದ್ದು, ಕೊಂದದ್ದು, ಜನ ಕಂಡದ್ದು ಎಲ್ಲ ಸೇರಿ 1910ರಿಂದೀಚೆಗೆ ಸಾವಿರದ ಇನ್ನೂರಕ್ಕಿಂತ ಜಾಸ್ತಿ ದಾಖಲೆಗಳಿವೆ. ಅವನ್ನೆಲ್ಲ ಸೋಸಿ 2023ರಲ್ಲಿ ಬಂದ ಒಂದು ಅಧ್ಯಯನವೂ 1936ರ ನಂತರ ಕೆಲವು ದಶಕ ಈ ಪ್ರಾಣಿ ಕಾಡಿನಲ್ಲಿ ಉಳಿದಿದ್ದಿರಬಹುದು ಅನ್ನುತ್ತದೆ. ಅದನ್ನು ಒಪ್ಪುತ್ತೇನೆ. ಮೃಗಾಲಯದ್ದು ಸತ್ತ ದಿನವೇ ಕಾಡಿನವೂ ಸಾಯಬೇಕು ಅಂತ ಏನಿಲ್ಲವಲ್ಲ.

ಆದರೆ ಇವತ್ತಿಗೂ ಇದೆ ಅಂದರೆ ನನ್ನದೊಂದೇ ತಕರಾರು, ರಸ್ತೆ. ಟ್ಯಾಸ್ಮೇನಿಯಾದಲ್ಲಿ ರಾತ್ರಿ ಗಾಡಿಗೆ ಸಿಕ್ಕಿ ಪ್ರಾಣಿ ಸಾಯುವುದು ದಿನನಿತ್ಯದ ಮಾತು. ವಾಲಬಿ (ಸಣ್ಣ ಕಾಂಗರೂ), ಪೋಸಮ್ (ಮರ ಹತ್ತುವ ಹೊಟ್ಟೆಚೀಲದ ಪ್ರಾಣಿ), ಡೆವಿಲ್ (ಟ್ಯಾಸ್ಮೇನಿಯನ್ ಡೆವಿಲ್, ಹೊಟ್ಟೆಚೀಲವಿರುವ ಸಣ್ಣ ಮಾಂಸಾಹಾರಿ), ಎಲ್ಲವೂ ಸಾಯುತ್ತವೆ. ಸತ್ತದ್ದನ್ನು ತಿನ್ನೋಕೆ ಬಂದ ಡೆವಿಲ್ ಕೂಡ ಅಲ್ಲೇ ಸಾಯುತ್ತದೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಥೈಲಸೀನ್ ಮಾತ್ರ ಚಕ್ರಕ್ಕೆ ಸಿಗಲಿಲ್ಲ ಅಂದರೆ? ಒಂದಿಷ್ಟು ಪ್ರಾಣಿಗಳಾದರೂ ಇಲ್ಲದೆ ಸಂತತಿ ತೊಂಬತ್ತು ವರ್ಷ ನಡೆಯುವುದಿಲ್ಲ. ಅಷ್ಟಿದ್ದರೆ ಹೆಣ, ಹಿಕ್ಕೆ, ಕೂದಲು ಏನಾದರೂ ಸಿಗಲೇಬೇಕು.

ನಂಬುವವರಿಗೆ ಒಂದು ಒಳ್ಳೆ ಪಾಯಿಂಟ್ ನಾನೇ ಕೊಡುತ್ತೇನೆ. 1936ರಲ್ಲಿ ಸತ್ತದ್ದರ ಅಸ್ಥಿ, ಚರ್ಮ ಎಲ್ಲಿ ಹೋಯಿತು ಅಂತಲೇ ದಶಕಗಟ್ಟಲೆ ಗೊತ್ತಿರಲಿಲ್ಲ. 2022ರಲ್ಲಿ ನೋಡಿದರೆ ಹೋಬಾರ್ಟ್ ಮ್ಯೂಸಿಯಂನ ಬೀರುವಿನಲ್ಲೇ ಇತ್ತು! ಆದರೆ ಕಾಡಿನಲ್ಲಿ ಹಾಗಲ್ಲ, ಅಲ್ಲಿ ಈಗ ಎಲ್ಲೆಲ್ಲೂ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಸುಳಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಇವೆ. 2021ರಲ್ಲಿ ಸಿಕ್ಕಿತು ಅಂದ ಫೋಟೋಗಳೂ ತಜ್ಞರ ಕಣ್ಣಿಗೆ ಪ್ಯಾಡಿಮೆಲನ್ ಅನ್ನುವ ಸಣ್ಣ ಕಾಂಗರೂ ಜಾತಿ ಅನ್ನಿಸಿದವು.

ಈ ನಡುವೆ ಡೆವಿಲ್ ಕಥೆ ಯಾರಿಗೂ ಬೇಡ. ಮುಖದ ಮೇಲೆ ಗಡ್ಡೆ ಬೆಳೆಯುವ, ಕಚ್ಚಾಟದಿಂದ ಹರಡುವ ಕ್ಯಾನ್ಸರ್ ಅದಕ್ಕೆ 1996ರಲ್ಲಿ ಕಾಣಿಸಿಕೊಂಡಿತು. ಅರ್ಧಕ್ಕಿಂತ ಜಾಸ್ತಿ ಡೆವಿಲ್‌ಗಳು ಹೋದವು. ಡೆವಿಲ್ ಇದೆಯೋ ಇಲ್ಲವೋ ಅಂತ ಯಾರಿಗೂ ಅನುಮಾನವಿಲ್ಲ, ಹಾಗಾಗಿ ವಿಡಿಯೋಗೆ ಲೈಕೂ ಇಲ್ಲ.