ಯಾವ ತೂತಿಗೆ ಯಾವ ಪಿನ್ನು?

"ಒಂದು ಪಿನ್ ಇದ್ರೆ ಕೊಡಿ" ಎಂದು ಕೈಚಾಚಿದವರಿಗೆ ತಕ್ಷಣ ಕೊಟ್ಟುಬಿಡಬೇಡಿ. ಯಾವ ತೂತಿಗೆ ಎಂದು ಮೊದಲು ಕೇಳಿ. ಸೇಫ್ಟಿ ಪಿನ್, ಗುಂಡುಪಿನ್, ಹೇರ್‌ಪಿನ್, ಸ್ಟೇಪ್ಲರ್ ಪಿನ್, ಪ್ಲಗ್ಗಿನ ಪಿನ್, ಎಟಿಎಂ ಪಿನ್ ಎಲ್ಲಕ್ಕೂ ಹೆಸರು ಒಂದೇ. ಹಾಗಂತ ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಿದಿರೋ, ಫಜೀತಿ ಅಲ್ಲಿಂದಲೇ ಶುರು.

ಸಿಮ್ ಟ್ರೇಯನ್ನೇ ನೋಡಿ. ಫೋನಿನ ಜೊತೆ ಬಂದ ಪಿನ್ನು ಬೇಕಾದಾಗ ಎಂದೂ ಕೈಗೆ ಸಿಗುವುದಿಲ್ಲ, ಸೇಫ್ಟಿ ಪಿನ್ನು ಸಿಗುತ್ತದೆ. ಅದರ ಮೊನೆ ಚೂಪು. ಒಳಗಿನ ಸನ್ನೆಕೋಲನ್ನು ತಳ್ಳುವ ಬದಲು ಪಕ್ಕಕ್ಕೆ ಜಾರಿ ಗೀರುತ್ತದೆ. ಅದಕ್ಕಿಂತ ದೊಡ್ಡ ಅನಾಹುತವೆಂದರೆ ಪಕ್ಕದ ಮೈಕಿನ ತೂತಿಗೆ ಚುಚ್ಚುವುದು. ಆಮೇಲೆ ಫೋನು ಮಾಡಿದವರೆಲ್ಲ "ಹಲೋ? ಹಲೋ?" ಅನ್ನುತ್ತಲೇ ಇರುತ್ತಾರೆ. ಟ್ರೇಯ ಸುತ್ತ ತೆಳುವಾದ ಗೆರೆ ಕಾಣುತ್ತದೆ, ಅದಕ್ಕೆ ಸೇರಿದ ತೂತೇ ಸರಿ. ಪೇಪರ್ ಕ್ಲಿಪ್ಪಿನ ಒಂದು ಕಾಲನ್ನು ನೆಟ್ಟಗೆ ಮಾಡಿ, ನೇರವಾಗಿ ಒತ್ತಿದರೆ ಸಾಕು.

ಸಿಮ್ಮಿಗೆ ಇನ್ನೊಂದು ಪಿನ್ನೂ ಉಂಟು, ಅದು ತಲೆಯೊಳಗೆ ಇರಬೇಕಾದದ್ದು. ಮೂರು ಸಲ ತಪ್ಪು ಒತ್ತಿದರೆ ಸಿಮ್ ಬೀಗ ಹಾಕಿಕೊಂಡು ಬೀಗ ತೆರೆಯುವ 8 ಅಂಕಿಯ ಸಂಖ್ಯೆ, ಅಂದರೆ ಪಿಯುಕೆ ಕೇಳುತ್ತದೆ. ಅದನ್ನೂ ಹತ್ತು ಸಲ ತಪ್ಪಿದರೆ ಆ ಸಿಮ್ಮಿನ ಕಥೆ ಮುಗಿಯಿತು. ಹುಟ್ಟಿದ ವರ್ಷ, ಮದುವೆಯಾದ ವರ್ಷ ಎಂದು ಅಂದಾಜಿನ ಮೇಲೆ ಒತ್ತುತ್ತಾ ಹೋಗುವವರು ಎರಡನೆಯ ತಪ್ಪಿಗೇ ಕೈ ಬಿಡುವುದು ಲೇಸು. ಎಟಿಎಂ ಪಿನ್ನಿಗೆ ಆರು ಅಂಕಿ ಇಡಬೇಕೆಂದಿದ್ದರಂತೆ, ಮೊದಮೊದಲ ಎಟಿಎಂ ರೂಪಿಸಿದವರಲ್ಲಿ ಒಬ್ಬರಾದ ಜಾನ್ ಶೆಪರ್ಡ್-ಬ್ಯಾರನ್. ಹೆಂಡತಿಗೆ ನಾಲ್ಕೇ ನೆನಪಿರುತ್ತದೆ ಎಂದದ್ದಕ್ಕೆ ನಾಲ್ಕಾಯಿತು ಎಂದು ಅವರೇ ಹೇಳಿಕೊಂಡಿದ್ದರು. ನಮ್ಮ ಪುಣ್ಯ.

ನಗೆಯಾಡಬಾರದ ಜಾಗ ಪ್ಲಗ್ಗು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ ಉದ್ದವಿರುವುದು ಅಂದಕ್ಕಲ್ಲ. ಒಳಹೋಗುವಾಗ ಅದು ಮೊದಲು ತಾಗಬೇಕು, ಹೊರಬರುವಾಗ ಕೊನೆಗೆ ಬಿಡಬೇಕು. ಅನೇಕ ಸಾಕೆಟ್ಟುಗಳಲ್ಲಿ ಕೆಳಗಿನ ಎರಡು ತೂತುಗಳ ಮುಚ್ಚಳ ತೆರೆಯುವುದೂ ಅದೇ. ಎರಡು ಪಿನ್ನಿನ ಪ್ಲಗ್ಗು ಹೋಗುತ್ತಿಲ್ಲವೆಂದು ಮೇಲಿನ ತೂತಿಗೆ ಹೇರ್‌ಪಿನ್ ತೂರಿಸುವ ಮಹನೀಯರಿದ್ದಾರೆ. ಕೈ ಸ್ವಲ್ಪ ತಪ್ಪಿ ಪಕ್ಕದ ತೂತಿಗೆ ಹೋದರೆ ಹೇರೆಲ್ಲ ನೆಟ್ಟಗೆ ನಿಲ್ಲುತ್ತದೆ, ಪಿನ್ನಿನ ಅಗತ್ಯವೇ ಇರುವುದಿಲ್ಲ! ಅಡಾಪ್ಟರ್ ಹಾಕಿ.

ಸ್ಟೇಪ್ಲರ್ ಪಿನ್ನಿನದು ಬರೀ ಅಳತೆಯ ಜಗಳ. 24/6 ಎಂದರೆ 24 ಗೇಜಿನ ತಂತಿ, 6 ಮಿ.ಮೀ. ಉದ್ದದ ಕಾಲು. ಅಂಥ ಸ್ಟೇಪ್ಲರಿಗೆ 10 ನಂಬರಿನ ಸಣ್ಣ ಪಿನ್ ತುಂಬಿದರೆ ಅಡ್ಡಡ್ಡ ಸಿಕ್ಕಿಕೊಳ್ಳುತ್ತದೆ. ಅದನ್ನು ಕೀಳಲು ಮತ್ತೊಂದು ಪಿನ್ನು ಬೇಕು.

ಕಡೆಯದಾಗಿ ಚಕ್ರದ ನಟ್ಟು ಬಿಚ್ಚಿಕೊಳ್ಳದಂತೆ ತೂರಿಸುವ ಸ್ಪ್ಲಿಟ್ ಪಿನ್. ಒಮ್ಮೆ ಬಿಚ್ಚಿದ ಮೇಲೆ ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬಾರದು. ಬಗ್ಗಿಸಿದ ಕಡೆಯೇ ಲೋಹ ಸೋತಿರುತ್ತದೆ, ಅಲ್ಲೇ ಮುರಿಯುತ್ತದೆ. ತೂತಿನ ಅಳತೆಗೆ ತಕ್ಕ ಹೊಸದನ್ನು ಹಾಕಿ, ಕಾಲೆರಡನ್ನೂ ಅತ್ತಿತ್ತ ಮಡಚಿ. ಮೊಳೆ ಬೇಡ, ತಂತಿ ಬೇಡ. ಸೇಫ್ಟಿ ಪಿನ್ನಂತೂ ಹೆಸರಿನಲ್ಲಿ ಸೇಫ್ಟಿ ಇದ್ದರೂ ಬೇಡವೇ ಬೇಡ.