ಒಂದು ಗಂಟೆ ಕತ್ತಲು, ಎಂಟು ಲೀಟರ್ ಡೀಸೆಲ್

ಐಡಿಯಾ ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಚ್ಚಿಟ್ಟರೂ ಪ್ರಯೋಜನವಿಲ್ಲ, ನಮ್ಮ ಅಪಾರ್ಟ್‌ಮೆಂಟಿನ 42 ಮನೆಯವರಿಗೂ ಗೊತ್ತು.

2025ರ ಮಾರ್ಚ್. ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದೆ. "ಈ ಶನಿವಾರ ಅರ್ತ್ ಅವರ್. ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ತನಕ ಲೈಟ್ ಆರಿಸೋಣ. ಭೂಮಿತಾಯಿಗೆ ಒಂದು ಗಂಟೆ ವಿಶ್ರಾಂತಿ ಕೊಡೋಣ." ಕೊನೆಗೆ ಮೂರು ಹಸಿರು ಹೃದಯ, ಎರಡು ಗಿಡ. 2007ರಲ್ಲಿ ಸಿಡ್ನಿಯಲ್ಲಿ ಶುರುವಾದದ್ದು, ಈಗ ಐಫೆಲ್ ಗೋಪುರವೂ ದೀಪ ಆರಿಸುತ್ತದೆ, ಬನಶಂಕರಿ ಮೂರನೇ ಹಂತದವರಿಗೇನು ಕಮ್ಮಿ ಅಂತಲೂ ಸೇರಿಸಿದೆ.

ಐದು ನಿಮಿಷ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಮೂರನೇ ಮಹಡಿಯಿಂದ ಒಂದು ಪ್ರಶ್ನೆ. "ಸರ್, ಅವತ್ತು ಮ್ಯಾಚ್ ಇದೆ ಅಲ್ವಾ?"

ಇತ್ತು. ಅರ್ತ್ ಅವರ್ ಸಾಮಾನ್ಯವಾಗಿ ಮಾರ್ಚ್ ಕೊನೆಯ ಶನಿವಾರ. ಆ ವರ್ಷ 22ಕ್ಕೇ ಬಂದಿತ್ತು. ಅದೇ 22ಕ್ಕೆ ಐಪಿಎಲ್‌ನ ಮೊದಲ ಮ್ಯಾಚು, ಕೋಲ್ಕತ್ತಾದಲ್ಲಿ, ನಮ್ಮ ಆರ್‌ಸಿಬಿಯದ್ದು. ಭೂಮಿತಾಯಿ ಒಂದು ಕಡೆ, ಕೊಹ್ಲಿ ಇನ್ನೊಂದು ಕಡೆ. ಭೂಮಿತಾಯಿ ಡೆಪಾಸಿಟ್ ಕಳೆದುಕೊಳ್ಳುವ ಹಾಗಿತ್ತು.

ನಮ್ಮ ಸೆಕ್ರೆಟರಿ ನನ್ನ ಪರ ನಿಂತರು. "ಆರ್‌ಸಿಬಿಯವರೇ ಸೀಸನ್ನಿಗೊಂದು ಮ್ಯಾಚು ಹಸಿರು ಜರ್ಸಿ ಹಾಕ್ಕೊಂಡು ಆಡ್ತಾರೆ, ಟಾಸ್ ಹೊತ್ತಿಗೆ ಎದುರು ಕ್ಯಾಪ್ಟನ್‌ಗೆ ಗಿಡ ಕೊಡ್ತಾರೆ. ನಾವು ಒಂದು ಗಂಟೆ ಟಿವಿ ಬಿಡಕ್ಕಾಗಲ್ವಾ?" ಆ ಗಿಡ ಆಮೇಲೆ ಎಲ್ಲಿಗೆ ಹೋಗುತ್ತೆ ಸರ್ ಅಂತ ಯಾರೋ ಕೇಳಿದರು. ಉತ್ತರ ಬರಲಿಲ್ಲ. ಶನಿವಾರ ಸಂಜೆ ಏಳಕ್ಕೆ ಆರ್‌ಸಿಬಿ ಟಾಸ್ ಗೆದ್ದು ಫೀಲ್ಡಿಂಗ್ ತೆಗೆದುಕೊಂಡಿತು. ಅಂದರೆ ಎಂಟೂವರೆಯಿಂದ ಒಂಬತ್ತೂವರೆ ತನಕ ಆಡೋದು ಕೋಲ್ಕತ್ತಾದವರು. ಅವರ ಬ್ಯಾಟಿಂಗ್ ನೋಡಿ ನಮಗೇನಾಗಬೇಕು? ಇಡೀ ಅಪಾರ್ಟ್‌ಮೆಂಟು ಒಂದೇ ಏಟಿಗೆ ಪರಿಸರವಾದಿ ಆಯಿತು.

ಆದರೆ ಸೆಕ್ರೆಟರಿಗೆ ಜನರ ಮೇಲೆ ನಂಬಿಕೆ ಕಮ್ಮಿ. ಮೇಂಟೆನೆನ್ಸ್ ವಸೂಲಿ ಮಾಡಿ ಮಾಡಿ ಹಾಗಾಗಿದೆ, ಪಾಪ. ಎಲೆಕ್ಟ್ರಿಷಿಯನ್ನನ್ನು ಕರೆದು, "ಒಬ್ಬೊಬ್ರಿಗೂ ಹೇಳ್ತಾ ಕೂರೋದು ಬೇಡ. ಎಂಟೂವರೆಗೆ ಮೇನ್ ಆಫ್ ಮಾಡಿಬಿಡಪ್ಪ" ಅಂದರು. ಅವನು ಸರಿಯಾಗಿ ಎಂಟೂವರೆಗೆ ಮೇನ್ ಆಫ್ ಮಾಡಿದ. ಮೀಟರ್ ರೂಮಿಗೆ ಬೀಗ ಹಾಕಿದ. ಒಂಬತ್ತೂವರೆಗೆ ಬರ್ತೀನಿ ಅಂತ ಕೀ ಗೊಂಚಲು ಜೇಬಿಗಿಳಿಸಿ, ಗಾಡಿ ಹತ್ತಿ ಮ್ಯಾಚ್ ನೋಡಲು ಮನೆಗೆ ಹೋದ.

ಕತ್ತಲಾಯಿತು. ನಾನು ಬಾಲ್ಕನಿಯಲ್ಲಿ ಮೇಣದಬತ್ತಿ ಹಚ್ಚಿ ಒಂದು ಫೋಟೋ ತೆಗೆದೆ. (ಆ ಮೇಣವೂ ಕಚ್ಚಾ ಎಣ್ಣೆಯಿಂದಲೇ ಬರುವುದಂತೆ, ಆಮೇಲೆ ಗೊತ್ತಾಯಿತು.) ತಲೆ ಎತ್ತಿದರೆ ನಕ್ಷತ್ರ! ನಾಲ್ಕಿದ್ದವು. ಒಂದು ವಿಮಾನ ಅಂದಳು ಮಗಳು.

ಎಂಟು ಸೆಕೆಂಡ್ ಆಗಿರಬೇಕು. ಕೆಳಗಡೆ ಏನೋ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಆಮೇಲೆ ಢರ್ ಅಂತ ಇಡೀ ಕಟ್ಟಡ ನಡುಗಿತು.

ಜನರೇಟರ್.

ಅದಕ್ಕೆ ಸಿಡ್ನಿ ಗೊತ್ತಿಲ್ಲ, ಐಫೆಲ್ ಗೋಪುರ ಗೊತ್ತಿಲ್ಲ. ಕರೆಂಟು ಹೋದರೆ ತಾನು ಏಳಬೇಕು, ಅಷ್ಟೇ ಅದಕ್ಕೆ ಗೊತ್ತಿರುವುದು. ಎದ್ದಿತು. ಕಾರಿಡಾರ್ ಝಗ್ ಅಂತು. ಲಿಫ್ಟ್ ಓಡಿತು. ಮನೆ ಮನೆಯಲ್ಲಿ ಟಿವಿ ಮಾತಾಡಿತು. ಗ್ರೂಪು ನೋಡದ ಮೊದಲನೇ ಮಹಡಿಯ ಅಜ್ಜಿ ಕಿಟಕಿಯಿಂದ ಕೂಗಿದರು. "ಮತ್ತೆ ಕರೆಂಟ್ ತೆಗೆದ್ರಾ? ಸದ್ಯ, ನಮ್ ಜನರೇಟರ್ ಚೆನ್ನಾಗಿದೆ!"

ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದೆವು. ಎತ್ತಲಿಲ್ಲ. ಎರಡನೇ ಕೀ? ಇಲ್ಲ. ಜನರೇಟರ್ ಕೋಣೆಯ ಕೀ? ಅದೂ ಅದೇ ಗೊಂಚಲಿನಲ್ಲಿ. ನಾನು, ಸೆಕ್ರೆಟರಿ, ವಾಚ್‌ಮನ್ ಮೂವರೂ ಕಪ್ಪು ಹೊಗೆ ಕುಡಿಯುತ್ತಾ ಆ ಕಬ್ಬಿಣದ ಬಾಗಿಲ ಮುಂದೆ ಒಂದು ಗಂಟೆ ಅರ್ತ್ ಅವರ್ ಆಚರಿಸಿದೆವು. ಎಲೆಕ್ಟ್ರಿಷಿಯನ್ ಹೇಳಿದ ಹೊತ್ತಿಗೆ ಬಂದ. ಅವನ ಮೇಲೆ ರೇಗಿದರೆ, "ಅದು ಆಟೋಮ್ಯಾಟಿಕ್ ಸರ್. ಅದಕ್ಕೇ ಅಲ್ವಾ ಅಷ್ಟು ದುಡ್ಡು ಕೊಟ್ಟು ಹಾಕ್ಸಿದ್ದು?" ಅಂದ. ಅವನ ಮಾತಿನಲ್ಲಿ ತಪ್ಪೇನಿಲ್ಲ. ಆರ್‌ಸಿಬಿ ಏಳು ವಿಕೆಟ್‌ನಿಂದ ಗೆದ್ದಿತು. ಆ ಖುಷಿಯಲ್ಲಿ ಆ ರಾತ್ರಿ ನನ್ನನ್ನು ಯಾರೂ ಬೈಯಲಿಲ್ಲ.

ನನ್ನಾಕೆ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅವಳು ಬೈಯುವುದಿಲ್ಲ, ಲೆಕ್ಕ ಹಾಕುತ್ತಾಳೆ. ಭಾನುವಾರ ಕಾಫಿ ಹೊತ್ತಿಗೆ ಕ್ಯಾಲೆಂಡರ್ ಹಿಂಭಾಗದಲ್ಲಿ ಶುರುವಾಯಿತು. ಮನೆಗೆ ಒಂಬತ್ತು ವ್ಯಾಟಿನ ಐದು ಬಲ್ಬು, 42 ಮನೆ, ಒಂದು ಗಂಟೆ. ಎರಡು ಯೂನಿಟ್ಟಿಗೂ ಸ್ವಲ್ಪ ಕಮ್ಮಿ. "ರೀ, ನಮ್ಮ ಗೀಸರ್ ಒಂದು ಗಂಟೆ ಹಾಕಿದ್ರೆ ಇಷ್ಟೇ ಆಗೋದು." ನಮ್ಮ ದೇಶದ ವಿದ್ಯುತ್ತಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್. ಎಲ್ಲ ಸರಿ ಹೋಗಿದ್ದರೆ ಒಂದೂ ಕಾಲು ಕಿಲೋಗಿಂತ ಸ್ವಲ್ಪ ಜಾಸ್ತಿ ಉಳಿಸುತ್ತಿದ್ದೆವು. ಉರಿದದ್ದು ಎಂಟು ಲೀಟರ್ ಡೀಸೆಲ್. ಲೀಟರಿಗೆ ಹತ್ತಿರ ಹತ್ತಿರ ಎರಡೂ ಮುಕ್ಕಾಲು ಕಿಲೋ. ಒಟ್ಟು 21 ಕಿಲೋ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುವ ಬಟ್ಟೆ ಚೀಲಗಳ ಕಡೆ ಕಣ್ಣು ಹೋಯಿತು. ಮರೆತು ಅಂಗಡಿಗೆ ಹೋದಾಗೆಲ್ಲ ಪ್ಲಾಸ್ಟಿಕ್ ಕವರ್ ಬೇಡ ಅಂತ ಹೊಸ ಚೀಲ ಕೊಂಡು ತಂದವು, ಗೃಹಪ್ರವೇಶದ ತಾಂಬೂಲದವು, ಎಲ್ಲ ಸೇರಿ 23. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಹೊರತಂದ ಒಂದು ವರದಿ ಪ್ರಕಾರ, ಹವಾಮಾನದ ಲೆಕ್ಕದಲ್ಲಿ ಒಂದು ಹತ್ತಿ ಚೀಲ ಒಂದು ತೆಳು ಪ್ಲಾಸ್ಟಿಕ್ ಕವರಿಗೆ ಸಮ ಆಗಬೇಕಾದರೆ ಅದನ್ನು 131 ಸಲ ಬಳಸಬೇಕು. ಇದನ್ನು ಅವಳಿಗೆ ಹೇಳಿದವನೂ ನಾನೇ, ಯಾವುದೋ ಜಂಬದ ಗಳಿಗೆಯಲ್ಲಿ. "ಇಪ್ಪತ್ಮೂರು ಇಂಟು ನೂರ ಮೂವತ್ತೊಂದು. ವಾರಕ್ಕೆರಡು ಸಲ ಮಾರ್ಕೆಟ್ಟಿಗೆ ಹೋದ್ರೂ 29 ವರ್ಷ ಬೇಕು. ಆಗ ನಿಮಗೆ 83. ಸೊಪ್ಪು ಹೊರೋ ಶಕ್ತಿ ಇರುತ್ತಾ?"

ಸುಮ್ಮನಿರಲಾಗಲಿಲ್ಲ. "ಹಾಗಾದ್ರೆ ಉಕ್ಕಿನ ಸೇತುವೆ?" ಅಂದೆ. 2016ರ ಅಕ್ಟೋಬರ್‌ನ ಒಂದು ಭಾನುವಾರ, ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗಿನ ಆ ಸೇತುವೆ ಬೇಡ ಅಂತ ಸಾವಿರಾರು ಜನ ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ನಿಂತಿದ್ದೆವು. 812 ಮರ ಹೋಗುವುದರಲ್ಲಿತ್ತು. ಕೈ ಹಿಡಿದರೆ ಮರ ಉಳಿಯುತ್ತಾ ಅಂತ ಆಗಲೂ ನಕ್ಕವರಿದ್ದರು. ಮುಂದಿನ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ರಾಜಕೀಯದ ಕಾರಣಗಳೂ ಇದ್ದವು ಬಿಡಿ, ಆದರೂ. (ನನ್ನ ಕೈಯಲ್ಲಿದ್ದ ಫಲಕ ಥರ್ಮಾಕೋಲಿನದು. ಅದನ್ನು ಹೇಳಲಿಲ್ಲ.)

ಅವಳು ಪೆನ್ನು ಕೆಳಗಿಟ್ಟಳು. "ಅವತ್ತು ಎದುರಿಗೆ ಸರ್ಕಾರ ಇತ್ತು. ಇಷ್ಟು ಜನಕ್ಕೆ ಅದು ಉತ್ತರ ಕೊಡ್ಬೇಕಿತ್ತು. ನಿನ್ನೆ ನೀವು ಯಾರನ್ನ ಏನು ಕೇಳಿದ್ರಿ?" ಆಮೇಲೆ ಬಾಗಿಲು ತೆಗೆದು ಕಾರಿಡಾರ್ ತೋರಿಸಿದಳು. ಬೆಳಿಗ್ಗೆ ಹತ್ತು ಗಂಟೆ, ಬಿಸಿಲು ಚೆಲ್ಲಿದೆ, ಲೈಟುಗಳೆಲ್ಲ ಉರಿಯುತ್ತಿವೆ. ಅದರ ಸ್ವಿಚ್ಚು ಮೀಟರ್ ರೂಮಿನಲ್ಲಿ. ಕೀ ಎಲೆಕ್ಟ್ರಿಷಿಯನ್ ಹತ್ತಿರ. ಭಾನುವಾರ ಅವನಿಗೆ ರಜೆ. ಹೀಗಾಗಿ ಪ್ರತಿ ಭಾನುವಾರ 40 ಬಲ್ಬು ಹಗಲಿಡೀ ಉರಿಯುತ್ತವೆ. ನಾಲ್ಕು ಯೂನಿಟ್ಟಿಗೂ ಮೇಲೆ. ಎರಡು ಅರ್ತ್ ಅವರ್.

ಏಪ್ರಿಲ್‌ನಲ್ಲಿ ಅಸೋಸಿಯೇಷನ್ ಮೀಟಿಂಗ್ ಆಯಿತು. ಖಜಾಂಚಿ ಲೆಕ್ಕ ಓದಿದರು. "ಪರಿಸರ ಕಾರ್ಯಕ್ರಮ, ಡೀಸೆಲ್, 712 ರೂಪಾಯಿ." ಯಾರೂ ತಕರಾರು ಮಾಡಲಿಲ್ಲ, ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ನಾನು ಎದ್ದು ನಿಂತು, ಮೀಟರ್ ರೂಮಿಗೆ ಇನ್ನೊಂದು ಕೀ ಮಾಡಿಸೋಣ, 60 ರೂಪಾಯಿ ಆಗುತ್ತೆ ಅಂದೆ. ಅದು ಯಾರ ಹತ್ತಿರ ಇರಬೇಕು ಅನ್ನುವುದರ ಮೇಲೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಮುಂದಿನ ಮೀಟಿಂಗಿಗೆ ಹಾಕಿದ್ದಾರೆ.