ಸಂಬಳ ಎಷ್ಟು ಅಂತ ಕೇಳಬೇಕಾದವರು ಯಾರು?

ಹೋದ ತಿಂಗಳು ಅಕ್ಕನ ಮಗಳು ಬೆಂಗಳೂರಿನಿಂದ ಒಂದು ಪಿಡಿಎಫ್ ಕಳಿಸಿದಳು. ಹೆಸರು ಕೇಳಿದರೆ ಬೀಗರೂ ತಲೆದೂಗುವಂಥ ದೊಡ್ಡ ಟೆಕ್ ಕಂಪನಿಯ ಆಫರ್ ಲೆಟರ್. ಕೆಲಸ ಎಚ್‌ಆರ್ ವಿಭಾಗದ್ದು. ಕೆಳಗೆ ಒಂದೇ ಸಾಲು: "ಮಾಮ, 15.6 ಲಕ್ಷ. ಒಪ್ಕೊಳ್ಳಾ?"

ಅಂಕಿ ನೋಡಿದ ಕೂಡಲೇ ಅದು ಹುಟ್ಟಿದ ಜಾಗ ಗೊತ್ತಾಯಿತು. ಅವಳ ಈಗಿನ ಸಿಟಿಸಿ, ಅಂದರೆ ಕಂಪನಿ ಅವಳ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 12 ಲಕ್ಷ. ಅದರ ಮೇಲೆ 30 ಪರ್ಸೆಂಟ್ ಹೈಕ್. ಆ ಕುರ್ಚಿಗೆ ಏನು ಬೆಲೆ ಅಂತ ಯಾರೂ ಯೋಚಿಸಿರಲಿಲ್ಲ. ಮೂರು ತಿಂಗಳ ಪೇಸ್ಲಿಪ್ ತರಿಸಿಕೊಂಡು, ಮೂವತ್ತು ಸೇರಿಸಿ, ಕೈ ತೊಳೆದುಕೊಂಡಿದ್ದರು.

ನಾನೂ ಅವಳ ಪಂಗಡದವನೇ, ಟೆಕ್ ಕಂಪನಿಯಲ್ಲಿದ್ದೂ ಕೋಡ್ ಬರೆಯದವನು. ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿದ್ದೇನೆ, ಟೆಕ್ ಕಂಪನಿಯೊಂದರಲ್ಲಿ ಖರೀದಿ ಕರಾರುಗಳನ್ನು ನೋಡಿಕೊಳ್ಳುತ್ತೇನೆ. ಬಿ.ಕಾಂ. ಓದಿ, ಹೆಂಡತಿಯ ವೀಸಾದ ಬೆನ್ನು ಹಿಡಿದು ಬಂದವನು. ಕೋಡ್ ಬರೆಯಲು ಬರುವುದಿಲ್ಲ ಅಂದರೆ ಊರಲ್ಲಿ ನಂಬುವವರಿಲ್ಲ, ವಿನಯ ಅಂದುಕೊಳ್ಳುತ್ತಾರೆ.

ಎರಡು ವರ್ಷದ ಹಿಂದೆ ಕೆಲಸ ಬದಲಿಸಿದಾಗ ರಿಕ್ರೂಟರ್ ಹೆಂಗಸು ಫೋನ್ ಮಾಡಿದ್ದಳು. ನಾನು ಬೆಂಗಳೂರಿನ ಹಳೇ ಅಭ್ಯಾಸದಂತೆ ಬಾಯಿ ತೆರೆದ ತಕ್ಷಣ ಮಂತ್ರದಂತೆ ಒಪ್ಪಿಸಲು ಹೊರಟೆ: ಕರೆಂಟ್ ಇಷ್ಟು, ಎಕ್ಸ್‌ಪೆಕ್ಟೆಡ್ ಇಷ್ಟು, ನೋಟಿಸ್ ಪೀರಿಯಡ್ ಇಷ್ಟು. ಆಕೆ ಅರ್ಧಕ್ಕೇ ತಡೆದಳು. "ನಿಮ್ಮ ಈಗಿನ ಸಂಬಳ ನನಗೆ ಬೇಡ. ಈ ಹುದ್ದೆಯ ಶ್ರೇಣಿ ಜಾಹೀರಾತಿನಲ್ಲೇ ಇದೆ, ನೋಡಿದ್ದೀರಲ್ಲ?" ನೋಡಿರಲಿಲ್ಲ. ಪೆಚ್ಚಾಗಿ ಹುಡುಕಿದರೆ ಕಡೆಯ ಪ್ಯಾರಾದಲ್ಲಿ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ಅಚ್ಚುಕಟ್ಟಾಗಿ ಬರೆದಿತ್ತು.

ಅದೇನು ಅವಳ ದೊಡ್ಡತನವಲ್ಲ, ಕಾನೂನು. ನಾನಿರುವ ವಾಷಿಂಗ್ಟನ್ ರಾಜ್ಯದಲ್ಲಿ 2019ರಿಂದ ಹಳೆಯ ಸಂಬಳ ಕೇಳುವಂತಿಲ್ಲ. 2023ರ ಜನವರಿಯಿಂದ, 15 ಅಥವಾ ಹೆಚ್ಚು ಜನ ಇರುವ ಕಂಪನಿ ಕೆಲಸದ ಜಾಹೀರಾತಿನಲ್ಲಿ ಸಂಬಳದ ಶ್ರೇಣಿ ಹಾಕಲೇಬೇಕು. ಕೊಲೊರಾಡೊ ರಾಜ್ಯ ಅದಕ್ಕೂ ಎರಡು ವರ್ಷ ಮೊದಲೇ ಶುರು ಮಾಡಿತ್ತು.

ನನಗೆ ವಿಚಿತ್ರ ಅನಿಸುವುದು ಇಲ್ಲೇ. ನಮ್ಮಲ್ಲಿ ಮದುವೆ ಊಟದ ಪಂಕ್ತಿಯಲ್ಲಿ, ಪಕ್ಕದ ಎಲೆಗೆ ಕೂತ ಅಪರಿಚಿತರು ಕೋಸಂಬರಿ ಬಡಿಸುವಷ್ಟರಲ್ಲಿ "ತಿಂಗಳಿಗೆ ಎಷ್ಟು ಬರತ್ತಪ್ಪ?" ಅಂತ ಕೇಳಿರುತ್ತಾರೆ. ರೈಲಿನಲ್ಲಿ ಕೇಳುತ್ತಾರೆ, ಮನೆ ಬಾಡಿಗೆಗೆ ಹೋದರೆ ಕೇಳುತ್ತಾರೆ. ಸಂಬಳ ಕೊಡುವ ಕಂಪನಿ ಮಾತ್ರ ತಾನೆಷ್ಟು ಕೊಡುತ್ತೇನೆಂದು ಬಾಯಿ ಬಿಡುವುದಿಲ್ಲ. "ಇಂಡಸ್ಟ್ರಿಗೆ ತಕ್ಕಂತೆ" ಅನ್ನುತ್ತದೆ. ಇಲ್ಲಿ ತಿರುಗುಮುರುಗು. ಕಂಪನಿ ಊರಿಗೆಲ್ಲ ಸಾರುತ್ತದೆ; ಎಂಟು ವರ್ಷ ಪಕ್ಕದಲ್ಲಿ ಕೂತ ಸಹೋದ್ಯೋಗಿ ಹೇಳುವುದಿಲ್ಲ, ಕೇಳಿದರೆ ಕಿವಿ ಕೆಂಪಾಗುತ್ತದೆ.

ಕೋಡ್ ಬರೆಯುವವರು ಹೇಗೋ ಬಚಾವಾಗುತ್ತಾರೆ. ಅವರ ಸಂಬಳ ಯಾವ ಲೆವೆಲ್‌ಗೆ ಎಷ್ಟು ಅಂತ ಪಟ್ಟಿಗಳೇ ಇವೆ, ಜಗತ್ತಿಗೇ ಗೊತ್ತು. ಎಚ್‌ಆರ್, ಅಕೌಂಟ್ಸ್, ಲೀಗಲ್, ಮಾರ್ಕೆಟಿಂಗ್ ಜನಕ್ಕೆ ಅಂಥ ಪಟ್ಟಿಯ ಆಸರೆ ಕಡಿಮೆ. ಲೆವೆಲ್ ನಂಬರ್ ಒಂದೇ ಇದ್ದರೂ ಸಂಬಳದ ಏಣಿ ಬೇರೆ, ಷೇರಿನ ಪಾಲು ಸಣ್ಣದು. ಮೊದಲ ಕೆಲಸ ಯಾವುದೋ ಸಣ್ಣ ಕನ್ಸಲ್ಟೆನ್ಸಿಯಲ್ಲಿ ಮೂರೂವರೆ ಲಕ್ಷಕ್ಕೆ ಸಿಕ್ಕಿದ್ದರೆ ಆ ಮೂರೂವರೆ ಲಕ್ಷ ಹಳೇ ಸಾಲದ ಹಾಗೆ ಪ್ರತಿ ಆಫರಿನೊಳಗೂ ಕೂತಿರುತ್ತದೆ. ನಮ್ಮ ಹುಡುಗಿಗೆ ಆಗಿದ್ದು ಅದೇ.

ಆ ರಾತ್ರಿ ಇಬ್ಬರೂ ಪತ್ರ ಬಿಡಿಸುತ್ತಾ ಕೂತೆವು. 15.6 ಲಕ್ಷವನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 1.3 ಲಕ್ಷ ಅಂತ ಅವಳು ಆಗಲೇ ಬಾಡಿಗೆ ಮನೆ ಹುಡುಕುತ್ತಿದ್ದಳು. ಆದರೆ ಅದರಲ್ಲಿ ಹತ್ತು ಪರ್ಸೆಂಟ್ ವೇರಿಯಬಲ್. ಅದು ವರ್ಷದ ಕೊನೆಗೆ, ಬಂದರೆ ಬಂತು. ಬೇಸಿಕ್ 40 ಪರ್ಸೆಂಟ್, ಅದರ ಮೇಲೆ ಕಂಪನಿಯ ಪಾಲಿನ ಪಿಎಫ್ 12 ಪರ್ಸೆಂಟ್ ಅಂದರೆ ಸುಮಾರು 75 ಸಾವಿರ. ಗ್ರಾಚ್ಯುಟಿ 4.81 ಪರ್ಸೆಂಟ್, 30 ಸಾವಿರ. ಐದು ವರ್ಷ ದುಡಿದರೆ ಕೈಗೆ ಬರುವ ದುಡ್ಡನ್ನು ಮೊದಲ ದಿನವೇ ಸಂಬಳದಲ್ಲಿ ಎಣಿಸಿ ತೋರಿಸುವ ಧೈರ್ಯ ನೋಡಿ! ಇನ್ಶೂರೆನ್ಸ್ ಕಂತೂ ಒಳಗೇ ಇತ್ತು. ಅವಳ ಪಾಲಿನ ಪಿಎಫ್, ವೃತ್ತಿ ತೆರಿಗೆ ಕಳೆದಾಗ ತಿಂಗಳಿಗೆ ಒಂದು ಲಕ್ಷದ ಹತ್ತಿರ ಬಂತು. ಆದಾಯ ತೆರಿಗೆ ಇನ್ನೂ ಮುಟ್ಟಿರಲಿಲ್ಲ.

ನನ್ನ ಪತ್ರದಲ್ಲಿ ಸಂಬಳ ಬೇರೆ, ಸೇರುವ ಬೋನಸ್ ಬೇರೆ, ಷೇರು ಬೇರೆ ಸಾಲಿನಲ್ಲಿದ್ದವು. ಇಲ್ಲಿನ ಪಿಎಫ್‌ನಂಥ ನಿವೃತ್ತಿ ಖಾತೆ 401(ಕೆ)ಗೆ ಕಂಪನಿ ಹಾಕುವ ದುಡ್ಡನ್ನು ಸಂಬಳದಲ್ಲಿ ಸೇರಿಸಿರಲಿಲ್ಲ. ಸಾಲದ್ದಕ್ಕೆ, ಎಚ್‌-1ಬಿ ಕೆಲಸದ ವೀಸಾ ಅರ್ಜಿಗೆ ಮುನ್ನ ಸಲ್ಲಿಸುವ ಸಂಬಳದ ವಿವರವನ್ನು ಇಲ್ಲಿನ ಕಾರ್ಮಿಕ ಇಲಾಖೆ ಕಂಪನಿ, ಹುದ್ದೆ, ಊರಿನ ಸಮೇತ ಪ್ರಕಟಿಸುತ್ತದೆ. ಅಕೌಂಟೆಂಟ್, ಫೈನಾನ್ಸ್ ಅನಲಿಸ್ಟ್ ಎಲ್ಲ ಅದರಲ್ಲಿ ಸಿಗುತ್ತಾರೆ. ಮೂಲ ಸಂಬಳ ಮಾತ್ರ, ಷೇರು ಇಲ್ಲ. ಆದರೂ ಕತ್ತಲಲ್ಲಿ ತಡಕಾಡುವುದಕ್ಕಿಂತ ವಾಸಿ.

ಸರಿ, ಇಲ್ಲಿನದ್ದೂ ಪೂರ್ತಿ ಸತ್ಯವಲ್ಲ, ಒಪ್ಪಿಕೊಳ್ಳುತ್ತೇನೆ. ಎಷ್ಟೋ ಶ್ರೇಣಿಗಳು ಎತ್ತಿನಗಾಡಿ ನುಗ್ಗುವಷ್ಟು ಅಗಲ. ಗರಿಷ್ಠವನ್ನು ನೋಡಿ ಜೊಲ್ಲು ಸುರಿಸಿದವನಿಗೆ ಸಿಗುವುದು ನಡುವಿನದು. ಷೇರಿನ ಲೆಕ್ಕವೂ ಹಾಗೇ. ಅಮೆಜಾನ್ ಬಹಳ ಕಾಲ ಪತ್ರದಲ್ಲಿ ಹೇಳಿದ ಷೇರನ್ನು ಮೊದಲ ವರ್ಷ 5 ಪರ್ಸೆಂಟ್, ಎರಡನೆಯ ವರ್ಷ 15, ಆಮೇಲೆ 40, 40ರಂತೆ ಕೊಡುತ್ತಿತ್ತು. ನಡುವೆ ಬಿಟ್ಟವನಿಗೆ ಪತ್ರದಲ್ಲಿದ್ದ ದೊಡ್ಡ ಅಂಕಿ ಪತ್ರದಲ್ಲೇ ಉಳಿಯಿತು. ನೋಟಿಸ್ ಪೀರಿಯಡ್ ಇಲ್ಲದ ಸುಖ ಇಲ್ಲಿನ ಕಂಪನಿಗಳಿಗೂ ಇದೆ: ಬೆಳಿಗ್ಗೆ ಬ್ಯಾಡ್ಜ್ ಕೆಲಸ ಮಾಡದಿದ್ದರೆ ಮುಗಿಯಿತು. 2022ರ ನವೆಂಬರಿನಲ್ಲಿ ಮೆಟಾ 11,000 ಜನರನ್ನು ತೆಗೆದಾಗ ರಿಕ್ರೂಟಿಂಗ್ ವಿಭಾಗಕ್ಕೇ ಹೆಚ್ಚು ಪೆಟ್ಟು ಅಂತ ಕಂಪನಿಯೇ ಹೇಳಿತ್ತು. ನಮ್ಮ ಪಂಗಡದ ಗತಿ ಎಲ್ಲೂ ಅಷ್ಟೇ.

ಇನ್ನೊಂದನ್ನೂ ಹೇಳದಿದ್ದರೆ ತಪ್ಪಾದೀತು. ಕೊನೆಗೆ ಹುಡುಗಿಗೆ ದಾರಿ ತೋರಿಸಿದ್ದು ನನ್ನ ವಾಷಿಂಗ್ಟನ್ ಕಾನೂನಲ್ಲ. ಅದೇ ಕಂಪನಿಯಲ್ಲಿ, ಅದೇ ಥರದ ಹುದ್ದೆಯಲ್ಲಿರುವ ಕಾಲೇಜು ಗೆಳತಿಗೆ ಫೋನ್ ಮಾಡಿ ನೇರವಾಗಿ ಕೇಳಿದಳು. ಆಕೆಯೂ ಅಷ್ಟೇ ನೇರವಾಗಿ, ವೇರಿಯಬಲ್ ಬಿಟ್ಟು 19 ಲಕ್ಷ ಅಂದಳಂತೆ. ಇವಳು ಅದನ್ನು ಹಿಡಿದು ಜಗ್ಗಿದಳು. ಹತ್ತು ದಿನದ ಮೇಲೆ ಹೊಸ ಪತ್ರ ಬಂತು: ಫಿಕ್ಸೆಡ್ 17.5, ವೇರಿಯಬಲ್ ಬೇರೆ. ಇಲ್ಲಿ ನಾನು ಯಾರಿಗೆ ಹಾಗೆ ಫೋನ್ ಮಾಡಿ ಕೇಳಲಿ?

ಖುಷಿಯಲ್ಲಿ ವಿಡಿಯೊ ಕಾಲ್ ಮಾಡಿದವಳು ಥಟ್ಟನೆ ಕೇಳಿದಳು: "ಅದಿರ್ಲಿ ಮಾಮ, ನಿಂಗೆಷ್ಟು?"

ನಾನು ಗಂಟಲು ಸರಿಮಾಡಿಕೊಂಡು, ನಮ್ಮ ಹುದ್ದೆಯ ಶ್ರೇಣಿ ಇಷ್ಟರಿಂದ ಇಷ್ಟು ಇರುತ್ತದೆ ಅಂದೆ.

"ಬಿಡು ಮಾಮ," ಅಂತ ನಕ್ಕಳು, "ಅಮ್ಮಂಗೆ ಗೊತ್ತಿರತ್ತೆ."